ಮೂರು ಕಂಪ್ಯೂಟರ್‌ಗೆ ಒಂದೇ ಮ್ಯಾಕ್ ಅಡ್ರೆಸ್

ಕಾಸರಗೋಡಿನ ಸುತ್ತಮುತ್ತ ನೆಟ್‌ವರ್ಕ್ ಕೆಲಸ ಮಾಡುತ್ತೇನೆ. ಬದಿಯಡ್ಕ ಕಡೆಯ ಒಂದು ಲ್ಯಾಬ್‌ನಲ್ಲಿ 32 ಕಂಪ್ಯೂಟರ್‌ಗಳಿವೆ. ಪಟ್ಟಿಯಲ್ಲಿರುವ ಮ್ಯಾಕ್ ಅಡ್ರೆಸ್‌ಗೆ (ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಇರುವ ಗುರುತಿನ ನಂಬರ್) ಮಾತ್ರ ಐಪಿ, ಅಂದರೆ ನೆಟ್‌ವರ್ಕ್ ಬಳಸಲು ಬೇಕಾದ ವಿಳಾಸ, ಸಿಗುವ ಹಾಗೆ ಮಾಡಿಕೊಡಿ ಎಂದರು.

ಒಂದೊಂದರ ಮುಂದೆ ಕೂತು, ಆ ಅಡ್ರೆಸ್ ತೋರಿಸುವ ಗೆಟ್‌ಮ್ಯಾಕ್ ಕಮಾಂಡ್ ಹೊಡೆದು ಬರೆದುಕೊಳ್ಳುವುದು ಯಾಕೆ ಅಂತ ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದೆ. ಐಪಿ ಇರುವ ಅಡಾಪ್ಟರ್ (ನೆಟ್‌ವರ್ಕ್ ಕಾರ್ಡ್) ಹುಡುಕು, ಮೊದಲು ಸಿಕ್ಕಿದ್ದನ್ನು ಫೈಲಿಗೆ ಹಾಕು, ಅಷ್ಟೇ.

ರೂಟರ್‌ಗೆ ತುಂಬಿಸುವಾಗ ಒಂದು ಕಡೆ ನಿಂತಿತು. ಈ ಅಡ್ರೆಸ್ ಆಗಲೇ ಇದೆ ಎಂದಿತು. ನೋಡಿದರೆ ಮೂರು ಕಂಪ್ಯೂಟರ್‌ಗೆ ಒಂದೇ ಅಡ್ರೆಸ್, 0ಎ-00-27 ಅಂತ ಶುರು. ಮಕ್ಕಳು ಲಿನಕ್ಸ್ ಕಲಿಯಲೆಂದು ಹಾಕಿದ್ದ ವರ್ಚುವಲ್‌ಬಾಕ್ಸ್ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ಮಾಡಿಕೊಂಡ ವರ್ಚುವಲ್ ಅಡಾಪ್ಟರ್ ಅದು. ಅದಕ್ಕೂ ಐಪಿ ಇರುತ್ತದಲ್ವಾ, ಸ್ಕ್ರಿಪ್ಟ್ ಅದನ್ನೇ ಎತ್ತಿಕೊಂಡಿತ್ತು. ಅಡ್ರೆಸ್‌ನ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಕಂಪನಿ ಕಾರ್ಡಿಗೆ ಕೊಟ್ಟದ್ದಲ್ಲ, ಸಾಫ್ಟ್‌ವೇರ್ ಇಟ್ಟದ್ದು. ಇದು ನನಗೆ ಗೊತ್ತಿತ್ತು. ಆದರೆ ಪಟ್ಟಿಯನ್ನು ಕಣ್ಣಾರೆ ಓದಿರಲಿಲ್ಲ.

ಸರಿ, ಐಪಿ ನೋಡುವುದನ್ನು ಬಿಟ್ಟು, ಅಡಾಪ್ಟರ್‌ಗಳ ಪಟ್ಟಿ ಕೊಡುವ ಗೆಟ್-ನೆಟ್‌ಅಡಾಪ್ಟರ್ ಕಮಾಂಡ್‌ಗೆ ಫಿಸಿಕಲ್ (ನಿಜವಾದ ಕಾರ್ಡ್ ಮಾತ್ರ) ಅಂತ ಸೇರಿಸಿದೆ. ವರ್ಚುವಲ್ ಅಡಾಪ್ಟರ್‌ಗಳೆಲ್ಲ ಹೋದವು. ಪಟ್ಟಿ ತುಂಬಿಸಿ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಫೋನ್. ಕಿಟಕಿ ಪಕ್ಕದ ಎರಡು ಕಂಪ್ಯೂಟರ್‌ಗೆ ನೆಟ್ ಇಲ್ಲ. ಹೋಗಿ ಹಿಂದೆ ಬಗ್ಗಿ ನೋಡಿದೆ. ಮದರ್‌ಬೋರ್ಡಿನ ಪೋರ್ಟ್ ಖಾಲಿ, ಕೇಬಲ್ ಒಂದು ಯುಎಸ್‌ಬಿ ಅಡಾಪ್ಟರ್‌ಗೆ ಹೋಗಿದೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ಪೋರ್ಟ್ ಹೋಗಿದ್ದು, ಯಾರೋ ಇದನ್ನು ಸಿಕ್ಕಿಸಿದ್ದರು. ನಮ್ಮ ಕಡೆ ಮಳೆಗಾಲದ ಕೊನೆಗೆ ಸಿಡಿಲು ಜಾಸ್ತಿ. ಕೆಟ್ಟ ಪೋರ್ಟ್ ವಿಂಡೋಸ್‌ನಲ್ಲಿ ಇನ್ನೂ ಕಾಣುತ್ತಿತ್ತು, ಅಡ್ರೆಸ್ ಕೂಡ ಕೊಡುತ್ತಿತ್ತು. ಸ್ಕ್ರಿಪ್ಟ್ ಮೊದಲು ಕಂಡ ಅದನ್ನೇ ಬರೆದಿತ್ತು.

ಈಗ ನನ್ನ ಸ್ಕ್ರಿಪ್ಟ್ ಒಂದನ್ನೇ ಆರಿಸುವುದಿಲ್ಲ. ಕಂಪ್ಯೂಟರ್ ಹೆಸರು, ಅಡಾಪ್ಟರ್ ಹೆಸರು, ಕೇಬಲ್ ಜೀವಂತ ಇದೆಯೋ ಇಲ್ಲವೋ, ಅಡ್ರೆಸ್, ಎಲ್ಲವನ್ನೂ ಸಾಲಾಗಿ ಬರೆಯುತ್ತದೆ. ಯಾವುದು ಬೇಕು ಅಂತ ನಾನೇ ಕೂತು ಗುರುತು ಹಾಕುತ್ತೇನೆ. 32 ಕಂಪ್ಯೂಟರ್‌ಗಳ ಸಾಲು ಓದಲು ಎಷ್ಟು ಹೊತ್ತು ಬೇಕು?

ಯುಎಸ್‌ಬಿ ಅಡಾಪ್ಟರ್ ವಿಷಯ ಇನ್ನೊಂದು. ಅದನ್ನು ಕಿತ್ತು ಬೇರೆ ಕಂಪ್ಯೂಟರ್‌ಗೆ ಹಾಕಿದರೆ ಅಡ್ರೆಸ್ಸೂ ಜೊತೆಗೇ ಹೋಗುತ್ತದೆ. ಹಾಗಾಗಿ ಆ ಎರಡರ ಮೇಲೂ ಕಂಪ್ಯೂಟರ್ ನಂಬರ್ ಬರೆದ ಟೇಪ್ ಅಂಟಿಸಿ ಬಂದೆ.