ತರಗತಿಯ ಗಾಳಿ, ದಾಖಲೆ 7: ಭಾನುವಾರದ 312

ಕೊನೆಗೂ ಸಿಕ್ಕಿತು. ಹಾಲ್‌ನ ಗಾಳಿ ಅಳೆಯುವ ನಮ್ಮ ಯಂತ್ರದಲ್ಲಿ ಮೂರು ರಾತ್ರಿ ನಿದ್ದೆಗೆಡಿಸಿದ ತಪ್ಪು ವೈರಿನಲ್ಲೂ ಇರಲಿಲ್ಲ, ಕೋಡಿನಲ್ಲೂ ಇರಲಿಲ್ಲ. ಆದರೆ ಅದು ಸಿಗುವ ಹೊತ್ತಿಗೆ ನಮ್ಮ ವಿದ್ಯಾರ್ಥಿ ಸಲಹಾ ಸಮಿತಿಯ ಹೆಸರಿನಲ್ಲಿ ಪ್ರಾಂಶುಪಾಲರಿಗೆ ಒಂದು ತಪ್ಪು ವರದಿ ಹೋಗಿಯಾಗಿತ್ತು. ಈ ಸಲದ ದಾಖಲೆ ಪೂರ್ತಿ ಅದರದ್ದೇ.

ಹೊಸದಾಗಿ ಓದುತ್ತಿರುವವರಿಗೆ ಇಷ್ಟು ಸಾಕು: ಮಧ್ಯಾಹ್ನದ ಪೀರಿಯಡ್‌ಗಳಲ್ಲಿ ತಲೆಭಾರ, ತೂಕಡಿಕೆ ಎಂಬ ದೂರು ಸಮಿತಿಗೆ ಎರಡು ವರ್ಷದಿಂದ ಬರುತ್ತಲೇ ಇತ್ತು. ನಾವು ಅದನ್ನು ಹಾಗೇ ಮೇಲಕ್ಕೆ ದಾಟಿಸುತ್ತಿದ್ದೆವು, ಮೇಲಿನಿಂದ ‘ಗಮನಿಸಲಾಗುವುದು’ ಎಂದು ಬರುತ್ತಿತ್ತು. ಈ ವರ್ಷ ದೂರಿನ ಬದಲು ಅಳತೆ ಕೊಡೋಣ ಎಂದುಕೊಂಡೆವು. ದೊಡ್ಡ ಹಾಲ್‌ನಲ್ಲಿ ಇಂಗಾಲದ ಡೈಆಕ್ಸೈಡ್ ಅಳೆದು ದಾಖಲಿಸುವ ಲಾಗರ್ ಕೂರಿಸಿದೆ. ವೈಫೈ ಇರುವ ಚಿಕ್ಕ ಇಎಸ್‌ಪಿ32 ಬೋರ್ಡ್, ಒಂದು ಎನ್‌ಡಿಐಆರ್ (ಅವಕೆಂಪು ಬೆಳಕಿನಿಂದ ಅನಿಲ ಅಳೆಯುವ) ಮಾಡ್ಯೂಲ್, 10 ಸೆಕೆಂಡಿಗೊಂದು ರೀಡಿಂಗ್. ಬೆಸುಗೆ, ಡಬ್ಬಿ, ವೈಫೈ ಎಲ್ಲ ನೀವು ಮಾಡಿ ಬಿಟ್ಟಿರುವ ಕೆಲಸವೇ. ಅದನ್ನು ಬರೆಯುವುದಿಲ್ಲ.

ಮಾಡ್ಯೂಲ್ ತರಿಸಿದ ಕಥೆ ಮಾತ್ರ ಹೇಳಲೇಬೇಕು. ನಾಲ್ಕು ಕೇಳಿದ್ದೆ, ನಾಲ್ಕಕ್ಕೂ ಹಣ ಕಟ್ಟಿದ್ದೆ. ಬಂದವುಗಳಲ್ಲಿ ಎರಡು ಎನ್‌ಡಿಐಆರ್ ಅಲ್ಲವೇ ಅಲ್ಲ. ಗಾಳಿಯಲ್ಲಿರುವ ಆವಿಗಳನ್ನು ಲೋಹದ ಆಕ್ಸೈಡ್ ಪದರದಿಂದ ಗ್ರಹಿಸಿ ‘ಇಷ್ಟು ಡೈಆಕ್ಸೈಡ್ ಇರಬಹುದು’ ಎಂದು ಅಂದಾಜು ಹೇಳುವ ಬಗೆ. ಪಕ್ಕದಲ್ಲಿ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡರೆ ಸಾಕು, ಒಂದೇ ಏಟಿಗೆ ಅಂಕಿ 3,000 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ದಾಟುತ್ತದೆ. ಮಾರಿದವರಿಗೆ ಬರೆದರೆ ‘ಎರಡೂ ಒಂದೇ’ ಎಂಬ ಉತ್ತರ. ಎರಡೂ ಒಂದೇ ಅಲ್ಲ. ಒಂದು ಆ ಅನಿಲ ಹೀರುವ ಅವಕೆಂಪು ಬೆಳಕನ್ನೇ ಅಳೆಯುತ್ತದೆ, ಇನ್ನೊಂದು ಊಹಿಸುತ್ತದೆ. ತರಗತಿಯ ಬಗ್ಗೆ ಆಡಳಿತಕ್ಕೆ ಸಲಹೆ ಕೊಡಲು ಹೊರಟವರ ಕೈಗೆ ಊಹೆಯ ಯಂತ್ರ ಕೊಟ್ಟರೆ ಅದಕ್ಕಿಂತ ಕೇಡು ಇನ್ನೇನಿದೆ? ಕೊಳ್ಳುವವರು ವಿವರಣೆಯಲ್ಲಿ ‘ಎನ್‌ಡಿಐಆರ್’ ಎಂಬ ಅಕ್ಷರ ಇದೆಯೇ ಎಂದು ನೋಡಿ, ಚಿತ್ರ ನಂಬಬೇಡಿ.

ಇನ್ನು ಆ ವಾರದ ಮಾತು. ಹಾಲ್ 14 ಮೀಟರ್ ಉದ್ದ, 9 ಅಗಲ, 4 ಎತ್ತರ. ಅಂದರೆ 504 ಘನ ಮೀಟರ್. 45 ಜನ ಕೂರುತ್ತಾರೆ. ಸುಮ್ಮನೆ ಕೂತ ವಯಸ್ಕರೊಬ್ಬರು ಗಂಟೆಗೆ ಹತ್ತಿರಹತ್ತಿರ 18 ಲೀಟರ್ ಡೈಆಕ್ಸೈಡ್ ಬಿಡುತ್ತಾರೆ. ಗಾಳಿ ಆಡದಿದ್ದರೆ ಗಂಟೆಗೆ 1,600 ಪಿಪಿಎಂ ಏರಬೇಕು. ಮೊದಲ ದಿನದ ಗೆರೆ ಈ ಲೆಕ್ಕದ ಹತ್ತಿರವೇ ಏರಿತ್ತು, ಸಂಜೆಗೆ 2,800. ಒಳಾಂಗಣಕ್ಕೆ 1,000 ಪಿಪಿಎಂ ಎಂಬ ಗಡಿಯನ್ನು ಜರ್ಮನಿಯ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಸೂಚಿಸಿದ್ದು 1858ರಲ್ಲಿ. ಅದರ ಮೂರು ಪಟ್ಟಿಗೆ ಹತ್ತಿರ ನಾವು ಕೂತು ನೋಟ್ಸ್ ಬರೆಯುತ್ತಿದ್ದೆವು.

ಅದನ್ನು ತೋರಿಸಿದ ಮೇಲೆ ಪ್ರಾಂಶುಪಾಲರು ಒಂದು ಆದೇಶ ಹೊರಡಿಸಿದರು: ಹಗಲಿಡೀ ಹಾಲ್‌ನ ಕಾರಿಡಾರ್ ಬಾಗಿಲು ತೆರೆದಿರಲಿ. ಮರುದಿನದಿಂದಲೇ ಜಾರಿ. ಮಂಗಳವಾರ ಗೆರೆ ಸ್ವಲ್ಪ ಇಳಿಯಿತು, ಬುಧವಾರ ಇನ್ನಷ್ಟು. ಶನಿವಾರದ ಹೊತ್ತಿಗೆ ಒಟ್ಟು 200 ಪಿಪಿಎಂ ಇಳಿದಿತ್ತು. ನಮ್ಮ ಸಂತೋಷ ಹೇಳತೀರದು. ಕೇಳಿದೆವು, ಮಾಡಿದರು, ಫಲ ಕಾಣುತ್ತಿದೆ. ಸಮಿತಿಯ ಮೂರು ವರ್ಷದಲ್ಲಿ ಇಂಥದ್ದು ಆಗಿರಲಿಲ್ಲ. ಶನಿವಾರ ಸಂಜೆಯೇ ‘ತಮ್ಮ ನಿರ್ಧಾರದಿಂದ 200 ಪಿಪಿಎಂ ಇಳಿಕೆ’ ಎಂದು ಗ್ರಾಫ್ ಸಮೇತ ಧನ್ಯವಾದದ ಮೇಲ್ ಕಳಿಸಿದೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಲಾಗ್ ತೆರೆದರೆ 312.

ಬೀಗ ಹಾಕಿದ ಖಾಲಿ ಹಾಲ್‌ನಲ್ಲಿ 312 ಪಿಪಿಎಂ. ಬಯಲುಗಾಳಿಯಲ್ಲೇ ಈಗ 420 ದಾಟಿದೆ. ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ತೊಡಗಿದಾಗಲೇ ಅದು 315ರ ಆಸುಪಾಸು ಇತ್ತು. ನನ್ನ ಸೆನ್ಸರಿನ ಪ್ರಕಾರ ನಮ್ಮ ಹಾಲ್‌ನೊಳಗೆ ಅದಕ್ಕೂ ಹಿಂದಿನ ಕಾಲದ ಗಾಳಿ ತುಂಬಿತ್ತು. ಕುರ್ಚಿಯಲ್ಲೇ ಮೈ ತಣ್ಣಗಾಯಿತು. ಮೇಲ್ ಹೋಗಿ ಹದಿನಾಲ್ಕು ಗಂಟೆಯಾಗಿತ್ತು.

ಮೊದಲ ಅನುಮಾನ ಪವರ್ ಮೇಲೆ. ಮಾಡ್ಯೂಲಿನ ದೀಪ ಮಿನುಗಿದಾಗಲೆಲ್ಲ ಕರೆಂಟು ಜಗ್ಗುತ್ತದೆ, ಅದೇ ಹೊತ್ತಿಗೆ ವೈಫೈ ಕೂಡ ಎದ್ದರೆ ವೋಲ್ಟೇಜ್ ಕುಸಿಯಬಹುದು. ಚಾರ್ಜರ್ ಬದಲಿಸಿದೆ, 1,000 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಕೂರಿಸಿದೆ. ಏನೂ ಆಗಲಿಲ್ಲ. ಉಷ್ಣಾಂಶ ಇರಬಹುದೇ ಎಂದು ಅದರ ಲಾಗ್ ಪಕ್ಕಕ್ಕಿಟ್ಟು ನೋಡಿದೆ. ಎರಡು ಗೆರೆಗಳಿಗೂ ಸಂಬಂಧವೇ ಇಲ್ಲ. ಭಾನುವಾರ ರಾತ್ರಿ 9:15ಕ್ಕೆ ಎರಡನೇ ಎನ್‌ಡಿಐಆರ್ ಮಾಡ್ಯೂಲನ್ನು ಮೊದಲನೆಯದರ ಪಕ್ಕದಲ್ಲೇ ಚಾಲೂ ಮಾಡಿ ಬಂದೆ.

ಆಮೇಲೆ ನಡುರಾತ್ರಿಯಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು, ಅದು ಮೊದಲೇ ಬೀಳಬೇಕಿತ್ತು. ಬೆಳಗಿನ ಕನಿಷ್ಠಕ್ಕೂ ಸಂಜೆಯ ಗರಿಷ್ಠಕ್ಕೂ ನಡುವಿನ ಅಂತರ ವಾರವಿಡೀ ಬದಲಾಗಿಯೇ ಇರಲಿಲ್ಲ. ಗಾಳಿ ನಿಜಕ್ಕೂ ಹೆಚ್ಚು ಆಡಿದ್ದರೆ ಗರಿಷ್ಠ ಇಳಿಯಬೇಕು, ಅಂತರ ಕುಗ್ಗಬೇಕು. ಇಲ್ಲಿ ಇಡೀ ಗೆರೆಯೇ, ತಲೆಯಿಂದ ಕಾಲಿನವರೆಗೆ, ಕೆಳಗೆ ಜಾರಿತ್ತು.

ಗ್ರಾಫಿಗಾಗಿ ನಾನು ಗಂಟೆಯ ಸರಾಸರಿ ತೆಗೆಯುತ್ತಿದ್ದೆ. ಸರಾಸರಿ ಬಿಟ್ಟು 10 ಸೆಕೆಂಡಿನ ಹಸಿ ಲಾಗ್ ತೆರೆದೆ. ಪ್ರತಿದಿನ ಮಧ್ಯಾಹ್ನ 2:40ಕ್ಕೆ, ನಿಮಿಷ ತಪ್ಪದಂತೆ, 40–50 ಪಿಪಿಎಂನ ಒಂದು ಮೆಟ್ಟಿಲು. ಯಾವ ಹಾಲ್‌ನ ಗಾಳಿಯೂ ಗಡಿಯಾರ ನೋಡಿ ಇಳಿಯುವುದಿಲ್ಲ. 2:40ಕ್ಕೆ ಪೀರಿಯಡ್ ಬದಲಾಗುತ್ತದೆಯೇ? ಇಲ್ಲ. ಫ್ಯಾನ್? ಇಲ್ಲ. ಸೋಮವಾರ ರಾತ್ರಿ ಹೊಸ ಮಾಡ್ಯೂಲಿನ ಲಾಗ್ ನೋಡುತ್ತ ಕೂತೆ. 9:15ಕ್ಕೆ, ಖಾಲಿ ಕತ್ತಲೆ ಹಾಲ್‌ನಲ್ಲಿ, ಅದೂ ಒಂದು ಮೆಟ್ಟಿಲು ಇಳಿಯಿತು. ಪಕ್ಕದಲ್ಲೇ ಇದ್ದ ಹಳೆಯದು ಕದಲಲಿಲ್ಲ. ಹಳೆಯದಕ್ಕೆ ನಾನು ಮೊದಲು ಪ್ಲಗ್ ಹಾಕಿದ್ದು ಸೋಮವಾರ ಮಧ್ಯಾಹ್ನ 2:40ಕ್ಕೆ.

ಬಲ್ಲವರು ಈಗಾಗಲೇ ಊಹಿಸಿರುತ್ತೀರಿ: ಸ್ವಯಂ ತಿದ್ದುಪಡಿ, ಎಬಿಸಿ. ಮಾಡ್ಯೂಲಿನ ದಾಖಲೆಪತ್ರದಲ್ಲಿ ಸ್ಪಷ್ಟವಾಗಿ ಬರೆದೇ ಇದೆ. ಚಾಲೂ ಆದ ಹೊತ್ತಿನಿಂದ ಪ್ರತಿ 24 ಗಂಟೆಗೊಮ್ಮೆ ಮಾಡ್ಯೂಲ್ ತಾನು ಕಂಡ ಅತಿ ಕಡಿಮೆ ಅಂಕಿಯನ್ನು ಬಯಲುಗಾಳಿ ಎಂದು ತಿಳಿದು, ಅದನ್ನು 400ರ ಕಡೆಗೆ ಎಳೆಯುತ್ತದೆ. ರಾತ್ರಿ ಕಿಟಕಿ ತೆರೆದಿರುವ ಕೋಣೆಯಲ್ಲಿ ಇದು ವರ. ನಮ್ಮ ಹಾಲ್ ಸಂಜೆ ನಾಲ್ಕಕ್ಕೆ 2,800ರಲ್ಲಿ ಬೀಗ ಬಿದ್ದರೆ ಬೆಳಿಗ್ಗೆ ಎಂಟೂವರೆಗೂ 610ಕ್ಕಿಂತ ಕೆಳಗಿಳಿಯುವುದಿಲ್ಲ. ಮಾಡ್ಯೂಲ್ ಆ 610ನ್ನೇ ಬಯಲು ಎಂದುಕೊಂಡಿತು. ಮುಚ್ಚಿದ ಕೋಣೆಯ ಹಳಸಿದ ಗಾಳಿಯನ್ನೇ ದಿನಾ ಸ್ವಲ್ಪ ಸ್ವಲ್ಪವಾಗಿ ‘ಶುದ್ಧ’ ಎಂದು ಒಪ್ಪಿಕೊಳ್ಳುತ್ತ ಹೋಯಿತು. ನಾವು ಅದನ್ನು ಸುಧಾರಣೆ ಎಂದು ಕರೆದು ಪ್ರಾಂಶುಪಾಲರಿಗೆ ಕಳಿಸಿದೆವು.

ಪರಿಹಾರ ಸುಲಭ. ಸೀರಿಯಲ್ ಮೂಲಕ ಒಂಬತ್ತು ಬೈಟಿನ ಆಜ್ಞೆ ಕಳಿಸಿ ಎಬಿಸಿ ನಿಲ್ಲಿಸುವುದು. ಪ್ರತಿ ಸಲ ಚಾಲೂ ಆದಾಗಲೂ ಕಳಿಸಿ, ಒಮ್ಮೆ ಕಳಿಸಿ ಮರೆಯಬೇಡಿ. ಬಳಿಕ ಮಾಡ್ಯೂಲನ್ನು ತಾರಸಿಗೆ ಒಯ್ದು ಬಯಲುಗಾಳಿಯಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬಿಟ್ಟು ಕೈಯಾರೆ ಅಂಕಿ ಹೊಂದಿಸಬೇಕು (ಕ್ಯಾಲಿಬ್ರೇಟ್). ಡಬ್ಬಿ ಇಟ್ಟು ದೂರ ಹೋಗಿ. ನಾವು ಬಿಡುವ ಉಸಿರಿನಲ್ಲಿ ಸುಮಾರು 40,000 ಪಿಪಿಎಂ ಇರುತ್ತದೆ, ಬಗ್ಗಿ ನೋಡಿದರೆ ಮುಗಿಯಿತು. ಇನ್ನೊಂದು ಚಿಕ್ಕ ಸಂಗತಿ: ಮಾಡ್ಯೂಲ್ ಬಯಲನ್ನು 400 ಎಂದುಕೊಳ್ಳುತ್ತದೆ, ನಿಜಕ್ಕೂ 420ರ ಮೇಲಿದೆ. ಆ 20ನ್ನು ಕೋಡಿನಲ್ಲಿ ಕೂಡಿಸಿಕೊಳ್ಳಿ.

ಕಷ್ಟವಾದದ್ದು ಮೇಲ್. ಗುರುವಾರ ಸಭೆ. ಬುಧವಾರ ಸಮಿತಿಯಲ್ಲಿ ದೊಡ್ಡ ವಾಗ್ವಾದವೇ ಆಯಿತು. “ಈಗ ತಪ್ಪು ಅಂದರೆ ಇನ್ನು ಮುಂದೆ ನಮ್ಮ ಮಾತು ಯಾರೂ ಕೇಳಲ್ಲ ಕಣೋ, ಮುಂದಿನ ತಿಂಗಳ ಗ್ರಾಫಲ್ಲಿ ಸದ್ದಿಲ್ಲದೆ ಸರಿ ಮಾಡಿಬಿಡು” ಎಂದಳು ನಮ್ಮ ಕಾರ್ಯದರ್ಶಿ. ಅವಳ ಭಯ ನನಗೂ ಇತ್ತು. ನಗರ ಯೋಜನೆಗಳಲ್ಲಿ ಜನರ ಪಾಲ್ಗೊಳ್ಳುವಿಕೆಯ ಬಗ್ಗೆ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ಬರೆದ ಏಣಿಯಲ್ಲಿ ಎಂಟು ಮೆಟ್ಟಿಲು. ನಾಲ್ಕನೆಯದು ಸಮಾಲೋಚನೆ: ಕೇಳುತ್ತಾರೆ, ನಿರ್ಧಾರ ಅವರದೇ. ಆರನೆಯದು ಪಾಲುದಾರಿಕೆ. ನಾವು ನಾಲ್ಕರಲ್ಲಿದ್ದೇವೆ. ನಾಲ್ಕರಲ್ಲಿ ನಿಂತವರ ಕೈಯಲ್ಲಿ ಅಧಿಕಾರ ಇಲ್ಲ, ಹಣ ಇಲ್ಲ. ನಾವು ಕೊಡುವ ಅಂಕಿ ಸರಿ ಎಂಬ ನಂಬಿಕೆಯೊಂದೇ ಇರುವುದು. ಅದನ್ನೂ ಮುಚ್ಚಿಟ್ಟು ಉಳಿಸಿಕೊಳ್ಳಲು ಹೋದರೆ ಉಳಿಯುವುದೇನು? ರಾತ್ರಿ ಹತ್ತಕ್ಕೆ ಅವಳೇ ಫೋನ್ ಮಾಡಿ, “ಮೊದಲ ಸ್ಲೈಡೇ ಅದಿರಲಿ” ಎಂದಳು.

ಮೊದಲ ಸ್ಲೈಡೇ ಅದಾಯಿತು: ‘ಶನಿವಾರದ ನಮ್ಮ ಗ್ರಾಫ್ ತಪ್ಪು.’

ಪ್ರಾಂಶುಪಾಲರು ಎರಡು ಸಲ ಓದಿದರು. “ಹಾಗಾದರೆ ಬಾಗಿಲು ತೆರೆದಿಟ್ಟಿದ್ದು ಪ್ರಯೋಜನ ಆಯ್ತೋ ಇಲ್ಲವೋ?”

“ಈಗ ಹೇಳೋಕೆ ಆಗಲ್ಲ ಮೇಡಂ. ಎರಡು ವಾರ ಕೊಟ್ಟರೆ ಹೇಳ್ತೀವಿ.”

“ಎರಡು ವಾರ ತಗೊಳ್ಳಿ. ಗವಾಕ್ಷಿಗಳದ್ದೂ ನೋಡಿ, ಅವು ಯಾಕೆ ಮುಚ್ಚಿವೆ ಅಂತ ನನಗೂ ಗೊತ್ತಿಲ್ಲ.” ಎಂದು ಮೇಲ್ವಿಚಾರಕರನ್ನು ಕರೆಸಿ ಕೀಲಿ ಕೊಡಿಸಿದರು. ವೇಳಾಪಟ್ಟಿ ನೋಡಿಕೊಳ್ಳುವ ಮೇಷ್ಟ್ರನ್ನೂ ಮುಂದಿನ ಸಭೆಗೆ ಬರಹೇಳಿದರು. ನಾವು ಕೇಳದೆಯೇ ಮೇಷ್ಟ್ರು ಬಂದು ಕೂತದ್ದು ಇದೇ ಮೊದಲು.

ಎರಡು ವಾರ ಮುಗಿದಿದೆ. ಕಾರಿಡಾರ್ ಬಾಗಿಲಿನಿಂದ ಗರಿಷ್ಠದಲ್ಲಿ 40 ಪಿಪಿಎಂನಷ್ಟು ವ್ಯತ್ಯಾಸ. ಸೆನ್ಸರಿನ ಸ್ವಂತ ತಪ್ಪಿನ ಮಿತಿಯೇ ಅದಕ್ಕಿಂತ ಹೆಚ್ಚು, ಹಾಗಾಗಿ ‘ಫಲ ಕಂಡಿಲ್ಲ’ ಎಂದೇ ಬರೆದಿದ್ದೇನೆ. ರಾತ್ರಿ ಗೆರೆ ಇಳಿಯುವ ವೇಗದಿಂದ ಲೆಕ್ಕ ಹಾಕಿದರೆ, ಎಲ್ಲ ಮುಚ್ಚಿದಾಗ ಹಾಲ್‌ನ ಗಾಳಿ ಗಂಟೆಗೆ 0.15 ಸಲ ಬದಲಾಗುತ್ತದೆ. ಒಂದು ಸಲ ಪೂರ್ತಿ ಬದಲಾಗುವಷ್ಟು ಗಾಳಿ ಒಳಬರಲು ಆರೂವರೆ ಗಂಟೆಗೂ ಸ್ವಲ್ಪ ಹೆಚ್ಚು ಬೇಕು. ಬಯಲಿನ 420 ಕಳೆದು ಉಳಿದದ್ದರ ಲಾಗರಿದಮ್ ತೆಗೆದರೆ ಗೆರೆ ನೇರವಾಗುತ್ತದೆ, ಅದರ ಇಳಿಜಾರೇ ಈ ಅಂಕಿ. ಎದುರುಬದುರು ಕಿಟಕಿ, ಮೇಲಿನ ಎರಡು ಗವಾಕ್ಷಿ ಎಲ್ಲ ತೆರೆದಾಗ 2,600 ಇದ್ದದ್ದು ಹತ್ತು ನಿಮಿಷದಲ್ಲಿ 1,200ಕ್ಕೆ ಬಂತು, ಅಂದರೆ ಗಂಟೆಗೆ ಆರು ಸಲಕ್ಕೂ ಸ್ವಲ್ಪ ಹೆಚ್ಚು. ಯಾವ ಯಂತ್ರವನ್ನೂ ಕೊಳ್ಳದೆ!

ವರದಿಯ ಕರಡಿನಲ್ಲಿ ಒಬ್ಬ ಗೆಳೆಯ ‘ಡೈಆಕ್ಸೈಡ್‌ನಿಂದ ನಮ್ಮ ಬುದ್ಧಿಶಕ್ತಿ ಕುಂದುತ್ತಿದೆ’ ಎಂದು ಸೇರಿಸಿದ್ದ. 2012ರಲ್ಲಿ 22 ಜನರ ಮೇಲೆ ನಡೆದ ಒಂದು ಅಧ್ಯಯನ 1,000 ಮತ್ತು 2,500 ಪಿಪಿಎಂನಲ್ಲಿ ನಿರ್ಧಾರ ಮಾಡುವ ಶಕ್ತಿ ಇಳಿದದ್ದನ್ನು ಕಂಡಿತ್ತು, ನಿಜ. ಆಮೇಲಿನ ಅಧ್ಯಯನಗಳ ಫಲಿತಾಂಶ ಒಂದೇ ದಿಕ್ಕಿನಲ್ಲಿಲ್ಲ. ಆ ವಾಕ್ಯ ತೆಗೆಸಿದೆ. ಈ ಅನಿಲ ಹೆಚ್ಚಿದೆ ಎಂದರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದೇವೆ ಎಂದರ್ಥ, ಕೇಳಲು ಅಷ್ಟೇ ಕಾರಣ ಸಾಕು. ಒಂದೇ ಒಂದು ತಿದ್ದುಪಡಿಯ ನೋವು ಉಂಡ ಮೇಲೆ ಎರಡನೆಯದಕ್ಕೆ ಬಾಗಿಲು ತೆರೆಯಲು ನನಗೆ ಮನಸ್ಸಿಲ್ಲ.

ಮುಂದಿನ ಯೋಜನೆ ಈಗಲೇ ತಲೆಯಲ್ಲಿ ಕೂತಿದೆ: ಕಚೇರಿಯ ಕೌಂಟರಿನ ಸಾಲು. ಪರೀಕ್ಷಾ ಅರ್ಜಿಯ ದಿನಗಳಲ್ಲಿ ‘ಗಂಟೆಗಟ್ಟಲೆ ನಿಲ್ಲುತ್ತೇವೆ’ ಎಂಬ ದೂರು ಪ್ರತಿ ವರ್ಷದ್ದು. ಒಬ್ಬೊಬ್ಬರ ಕಾಯುವ ಹೊತ್ತು ಅಳೆಯಬೇಕಿಲ್ಲ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರವೇ ಸಾಕು: ಸಾಲಿನ ಸರಾಸರಿ ಉದ್ದವನ್ನು ಗಂಟೆಗೆ ಬರುವವರ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಕಾಯುವಿಕೆ. ಸಾಲಿನಲ್ಲಿ 18 ಜನ, ಗಂಟೆಗೆ 40 ಜನ ಬಂದು ಹೋಗುತ್ತಿದ್ದರೆ 27 ನಿಮಿಷ. ಬಾಗಿಲಲ್ಲಿ ಒಂದು, ಕೌಂಟರಿನಲ್ಲಿ ಒಂದು ಅವಕೆಂಪು ಕಿರಣ. ಕ್ಯಾಮೆರಾ ಬೇಡವೇ ಬೇಡ, ಯಾರ ಮುಖವೂ ನಮಗೆ ಬೇಕಿಲ್ಲ. ಇಬ್ಬರು ಒಟ್ಟಿಗೆ ಹಾದರೆ ಒಬ್ಬರೆಂದು ಎಣಿಸುವ ತೊಂದರೆಗೆ ನಿಮ್ಮಲ್ಲಿ ಯಾರಾದರೂ ಉಪಾಯ ಕಂಡುಕೊಂಡಿದ್ದರೆ ಬರೆಯಿರಿ.

ಹಾಲ್ ವಿಷಯದಲ್ಲಿ ಈಗಿನ ಸ್ಥಿತಿ ಇಷ್ಟು. ನಾವು ಕೇಳಿದ್ದು ಎರಡು ಪೀರಿಯಡ್‌ಗಳಿಗೊಮ್ಮೆ ಹತ್ತು ನಿಮಿಷದ ಬಿಡುವು. ವೇಳಾಪಟ್ಟಿಯ ಮೇಷ್ಟ್ರು ಐದು ಸಾಲದೇ ಎಂದರು. ಐದು ನಿಮಿಷದಲ್ಲಿ 2,600 ಸುಮಾರು 1,700ಕ್ಕೆ ಮಾತ್ರ ಇಳಿಯುತ್ತದೆ ಎಂದು ಅವರ ಎದುರೇ ಲೆಕ್ಕ ಹಾಕಿ ತೋರಿಸಿದೆ. ಕಾಗದ ಮಡಚಿ ಜೇಬಿಗಿಟ್ಟುಕೊಂಡರು, ಒಂದು ತಿಂಗಳು ಹತ್ತು ನಿಮಿಷವೇ ನಡೆಯಲಿ ಎಂದರು. ಮೂರನೇ ಗವಾಕ್ಷಿಯ ಹಿಡಿ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಸೋಮವಾರ ಮೇಲ್ವಿಚಾರಕರು ಏಣಿ ತರುತ್ತಾರೆ, ಎಣ್ಣೆ ನಾನು ಒಯ್ಯಬೇಕು.