ಒಂದೂವರೆ ಲಕ್ಷದ ಸಿಡಿ ಪ್ಲೇಯರು, ನನ್ನ ಹಳೇ ಡಿವಿಡಿ ಪ್ಲೇಯರು

ದುಡ್ಡು ಜಾಸ್ತಿ ಸುರಿದ್ರೆ ಸಿಡಿ ಪ್ಲೇಯರ್ ಸೌಂಡು ಚೆನ್ನಾಗಾಗುತ್ತಾ? ನನ್ನ ಪ್ರಕಾರ ಇಲ್ಲಪ್ಪ. ಹೀಗಂದ್ರೆ ಚಿಕ್ಕಮಗಳೂರಲ್ಲಿರೋ ನಮ್ಮ ಭಾವಂಗೆ ಮೂಗಿನ ತುದಿಗೆ ಸಿಟ್ಟು ಬರುತ್ತೆ, ಯಾಕಂದ್ರೆ ಕಾಫಿಗೆ ಒಳ್ಳೆ ರೇಟ್ ಸಿಕ್ಕಿದ್ದೇ ಅವರು ಒಂದೂವರೆ ಲಕ್ಷದ ಪ್ಲೇಯರ್ ತಂದು ಹಾಲ್‌ನಲ್ಲಿ ಕೂರಿಸಿದಾರೆ.

ಸಿಡಿಯ ಲೆಕ್ಕ ಯಾವತ್ತೋ ಫಿಕ್ಸ್ ಆಗಿರೋದು. ಸೋನಿ, ಫಿಲಿಪ್ಸ್ ಸೇರಿ ಮಾಡಿದ್ದು, 1982ರಲ್ಲಿ ಜಪಾನಲ್ಲಿ ಮೊದಲ ಪ್ಲೇಯರ್ ಬಂದಾಗ್ಲೂ ಸೆಕೆಂಡಿಗೆ 44,100 ಸ್ಯಾಂಪಲ್ಲು, ಅಂದ್ರೆ ಸದ್ದಿನ ಅಳತೆಗಳು, ಒಂದೊಂದೂ 16 ಬಿಟ್‌ನ ಅಂಕಿ, ಇವತ್ತೂ ಅಷ್ಟೇ. ಡಿಸ್ಕ್ ಮೇಲೆ ಸಣ್ಣಪುಟ್ಟ ಗೀರು ಬಿದ್ರೂ ಎರಡು ಮಿಲಿಮೀಟರ್ ತನಕ ಕಳೆದುಹೋದ ಡೇಟಾನ ಎರರ್ ಕರೆಕ್ಷನ್ನು ಪೂರ್ತಿ ವಾಪಸ್ ತರುತ್ತೆ, ಅದು ಅಗ್ಗದ ಪ್ಲೇಯರಲ್ಲೂ ಇರುತ್ತೆ. ಆಗಿನ ಕಾಲಕ್ಕೆ ಈ ಅಂಕಿಗಳನ್ನ ಸದ್ದಿನ ಸಿಗ್ನಲ್ ಮಾಡೋ ಡ್ಯಾಕ್ ಚಿಪ್ಪೇ ತಲೆನೋವು, ಫಿಲಿಪ್ಸ್‌ನೋರ ಮೊದಲ ಪ್ಲೇಯರಲ್ಲಿ ಇದ್ದಿದ್ದು 14 ಬಿಟ್ ಚಿಪ್ಪು, ಓವರ್‌ಸ್ಯಾಂಪ್ಲಿಂಗ್ ಮಾಡಿ, ಅಂದ್ರೆ ಸ್ಯಾಂಪಲ್ಲುಗಳ ನಡುವೆ ಲೆಕ್ಕ ಹಾಕಿ ಇನ್ನಷ್ಟು ಸೇರಿಸಿ, ಸರಿದೂಗಿಸ್ತಿದ್ರು. ಈಗ ಅದಕ್ಕಿಂತ ಎಷ್ಟೋ ಚೆನ್ನಾಗಿರೋ ಚಿಪ್ಪು ಕಡ್ಲೆಪುರಿ ರೇಟಿಗೆ ಸಿಗುತ್ತೆ.

ಹಂಗಾದ್ರೆ ಭಾವಂದು ಯಾಕೆ ಚೆನ್ನಾಗಿ ಕೇಳ್ಸುತ್ತೆ? ಕೇಳ್ಸೋದಂತೂ ನಿಜ, ನಂಗೂ ಹಂಗೇ ಅನ್ನಿಸ್ತು. ಅದಕ್ಕೇ 100 ಹರ್ಟ್ಸ್ ಟೋನ್ ಒಂದನ್ನ ಸಿಡಿಗೆ ಬರೆದು ಭಾವನ ಪ್ಲೇಯರು, ನನ್ನ ಹಳೇ ಡಿವಿಡಿ ಪ್ಲೇಯರು ಎರಡರಲ್ಲೂ ಹಾಕಿ ಸ್ಪೀಕರ್ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದೆ, ನೋಡಿದ್ರೆ ಆಂಪ್ಲಿಫೈಯರ್ ವಾಲ್ಯೂಮು ಅಲ್ಲಾಡಿಸದೇ ಇದ್ರೂ ಭಾವನ ಪ್ಲೇಯರು ಜಾಸ್ತಿ ವೋಲ್ಟೇಜ್ ಕೊಡ್ತಿತ್ತು. ಸ್ವಲ್ಪ ಜೋರಾಗಿ ಬಂದಿದ್ದು ಕಿವಿಗೆ ಜೋರು ಅನ್ಸಲ್ಲ, ‘ಕ್ಲಿಯರ್’ ಅನ್ಸುತ್ತೆ, ಅಂಗಡಿಯೋರಿಗೂ ಇದು ಗೊತ್ತಿರುತ್ತೆ ಬಿಡಿ. ಎರಡೂ ಒಂದೇ ವೋಲ್ಟೇಜ್ ಬರೋ ಕಡೆ ವಾಲ್ಯೂಮ್ ನಾಬ್ ಪಕ್ಕ ಪೆನ್ಸಿಲಲ್ಲಿ ಗುರುತು ಹಾಕಿ, ಪ್ಲೇಯರುಗಳ ಮೇಲೆ ಟವೆಲ್ ಹೊದಿಸಿ, ಅಕ್ಕನ್ನ ಸ್ವಿಚ್ ಮಾಡೋಕೆ ಕೂರಿಸಿದ್ವಿ. ಭಾವ ಕಣ್ಮುಚ್ಚಿ ತುಂಬಾ ಕಾನ್ಫಿಡೆನ್ಸಲ್ಲಿ ‘ಇದು ನಂದು, ತಬಲಾ ನೋಡು’ ಅಂದಾಗ ಓಡ್ತಿದ್ದಿದ್ದು ನನ್ನ ಡಿವಿಡಿ ಪ್ಲೇಯರು! ಆಮೇಲೆ ಒಂದ್ಸಲ ಸರಿ, ಒಂದ್ಸಲ ತಪ್ಪು, ಲಾಟರಿ ಥರ.

ವ್ಯತ್ಯಾಸವೇ ಇಲ್ಲ ಅಂತಲ್ಲ. ಕೆಲವು ಅಗ್ಗದವು ಗುಂಯ್ ಅಂತವೆ, ಕೆಲವದರಲ್ಲಿ ಡಿಸ್ಕ್ ತಿರುಗೋ ಸದ್ದೇ ಕೇಳುತ್ತೆ, ನನ್ನದರ ಟ್ರೇ ಮಳೆಗಾಲದಲ್ಲಿ ಮೇಲೆ ತಟ್ಟದೇ ಇದ್ರೆ ಆಚೆಗೇ ಬರಲ್ಲ, ಭಾವಂದು ಬೆಣ್ಣೆ ಥರ ಜಾರುತ್ತೆ. ಆದ್ರೆ ಟ್ರೇ ಜಾರೋದು ಸೌಂಡಲ್ಲವಲ್ಲ. ಸಿಡಿಗೆ 96 ಡೆಸಿಬಲ್ ಡೈನಾಮಿಕ್ ರೇಂಜ್, ಅಂದ್ರೆ ತೀರಾ ಮೆಲ್ಲನೆ ಸದ್ದಿಂದ ತೀರಾ ಜೋರು ಸದ್ದಿನ ತನಕದ ಅಂತರ, ಇದೆ ಅಂತಾರೆ, ಜುಲೈಲಿ ಜಿಂಕ್ ಶೀಟ್ ಮೇಲೆ ಮಳೆ ಹೊಡೀವಾಗ ತಂಬೂರಿನೇ ಕೇಳ್ಸಲ್ಲ, ಇನ್ನು ಆ ರೇಂಜಿನ ತಳ ಯಾರಿಗೆ ಕೇಳ್ಬೇಕು!

ಆವತ್ತೇ ಮೂಲೆಗೆ ಅಂಟಿಕೊಂಡಿದ್ದ ಸ್ಪೀಕರುಗಳನ್ನ ಗೋಡೆಯಿಂದ ಎರಡಡಿ ಮುಂದಕ್ಕೆ ಎಳೆದ್ವಿ. ಡಬಡಬ ಅಂತಿದ್ದ ಬೇಸು ಸರಿಹೋಗಿ, ಹಾಡೋರ ದನಿ ನಡುವಲ್ಲಿ ಬಂದು ನಿಲ್ತು, ಇದನ್ನ ಭಾವನೂ ಒಪ್ಪಿಕೊಂಡ್ರು, ಖರ್ಚು ಸೊನ್ನೆ. ಕಸ ಗುಡಿಸೋಕೆ ಅಡ್ಡ ಅಂತ ಅಕ್ಕ ಮಾರನೇ ದಿನವೇ ವಾಪಸ್ ಮೂಲೆಗೆ ತಳ್ಳಿಸಿದ್ಲು.