ಓದುವ ಗುಂಪು, ಮೂರನೇ ಸಭೆ: ಎಸರು ಅಂದ್ರೇನು?

ಹೋದ ಭಾನುವಾರ ದಾವಣಗೆರೆ ವಿದ್ಯಾನಗರದ ನಮ್ಮ ಮನೆಯ ಮಹಡಿಯಲ್ಲಿ ಸಭೆ. 9 ಜನರಲ್ಲಿ 7 ಜನ ಬಂದಿದ್ದರು. ಪುಸ್ತಕ ಪೂರ್ತಿ ಓದಿದವರು 5. ಹೋದ ಸಲ ಇಬ್ಬರೇ ಓದಿದ್ದರು, ಅದಕ್ಕೆ ಇದೇ ಜಾಸ್ತಿ ಅನ್ನಿಸಿತು.

ಈ ವರ್ಷ ಹೆಂಗಸರು ಬರೆದ ಆತ್ಮಕಥೆಗಳನ್ನೇ ಓದೋಣ ಅಂತ ಮಾತಾಗಿದೆ. ಈ ಸಲ ಡಾ. ವಿಜಯಾ ಅವರ ‘ಕುದಿ ಎಸರು’. 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಇದಕ್ಕೇ ಬಂದಿದ್ದು. ಅವರು 1942ರಲ್ಲಿ ಹುಟ್ಟಿದ್ದು ನಮ್ಮೂರಲ್ಲೇ ಅಂತ ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ.

ಮೊದಲ ಸಭೆಯಲ್ಲಿ ಎಲ್ಲರೂ ‘ಚೆನ್ನಾಗಿದೆ’ ಅಂದು, ಹತ್ತೇ ನಿಮಿಷಕ್ಕೆ ಬಂಗಾರದ ರೇಟಿಗೆ ಹೋಗಿದ್ದೆವು. ಅದಕ್ಕೇ ಈಗ ಒಂದು ನಿಯಮ: ಒಬ್ಬೊಬ್ಬರೂ ತಮ್ಮನ್ನು ಕಾಡಿದ ಒಂದು ಪುಟ ಗಟ್ಟಿಯಾಗಿ ಓದಬೇಕು. ಇದು ಕೆಲಸ ಮಾಡಿತು. ಓದುತ್ತಾ ಒಬ್ಬರಿಗೆ ಗಂಟಲು ಕಟ್ಟಿತು, ಪಕ್ಕದವರು ಪುಸ್ತಕ ಇಸ್ಕೊಂಡು ಮುಂದುವರಿಸಿದರು.

ಆದರೆ ಮಾತು ಹೊತ್ತಿಕೊಂಡಿದ್ದು ಹೆಸರಿನಿಂದ. ‘ಎಸರು ಅಂದ್ರೇನು ಆಂಟಿ?’ ಅಂತ ಗುಂಪಿನ ಚಿಕ್ಕವಳು ಕೇಳಿದಳು. ಕುಕ್ಕರ್ ಕಾಲದ ಹುಡುಗಿ, ಪಾಪ. ನಿವೃತ್ತ ಟೀಚರಮ್ಮ ಹೇಳಿದರು: ‘ಅನ್ನಕ್ಕೆ ಮೊದಲು ನೀರಿಡ್ತೀವಲ್ಲ, ಅದೇ. ಕುದಿ ಬಂದ ಮೇಲೆ ಅಕ್ಕಿ ಹಾಕೋದು. ನಮ್ಮಮ್ಮ ಒಮ್ಮೊಮ್ಮೆ ಅಕ್ಕಿ ಇಲ್ಲದೇನೂ ಎಸರಿಡ್ತಿದ್ದಳು. ಒಲೆ ಉರೀತಿದ್ರೆ ಪಕ್ಕದ ಮನೆಯವರಿಗೆ ಅನುಮಾನ ಬರಲ್ಲ ಅಲ್ವಾ?’ ಮೂರು ಸಭೆಗಳಲ್ಲಿ ಅವರು ತಮ್ಮ ಮನೆಯ ಸುದ್ದಿ ಎತ್ತಿದ್ದು ಇದೇ ಮೊದಲು.

ಆಮೇಲೆ ಜಗಳ. ಗಂಡನ ಮನೆಯ ಹಿಂಸೆಯನ್ನು ಲೇಖಕಿ ಮುಚ್ಚಿಡದೆ ಬರೆದಿದ್ದಾರೆ. ‘ಮನೆ ಮಾತು ಬೀದಿಗೆ ತರಬೇಕಿತ್ತಾ?’ ಅಂದರು ಒಬ್ಬರು. ‘ಏಟು ಬಿದ್ದ ಸದ್ದು ಬೀದಿಗೆ ಕೇಳ್ತಿರುತ್ತೆ, ಮಾತಾಡಿದ್ರೆ ಮಾತ್ರ ತಪ್ಪಾ?’ ಅಂದರು ಇನ್ನೊಬ್ಬರು. ನಾನು ಎರಡನೆಯವರ ಕಡೆ. ಮೊದಲನೆಯವರು ಒಪ್ಪಲಿಲ್ಲ. ಆದರೆ ಎದ್ದು ಹೋಗಲೂ ಇಲ್ಲ, ಕತ್ತಲಾಗುವವರೆಗೂ ವಾದಿಸಿದರು.

ಕೆಲಸ ಬಾಕಿ: 9 ಜನಕ್ಕೆ 3 ಪ್ರತಿ ಸಾಲಲ್ಲ, ಇನ್ನೆರಡು ಕೊಳ್ಳಬೇಕು. ಮುಂದಿನದು ಇಂದಿರಾ ಲಂಕೇಶರ ‘ಹುಳಿಮಾವು ಮತ್ತು ನಾನು’, ಟೀಚರಮ್ಮನ ಮನೆಯಲ್ಲಿ. ಮಂಡಕ್ಕಿ ಮೆಣಸಿನಕಾಯಿ ಮಾತ್ರ ಓದು ಮುಗಿದ ಮೇಲೆ. ಈ ಸಲ ಒಂದು ಪ್ರತಿಗೆ ಎಣ್ಣೆ ಹತ್ತಿದೆ, ಯಾರ ಕೈದು ಅಂತ ಇನ್ನೂ ಯಾರೂ ಒಪ್ಪಿಕೊಂಡಿಲ್ಲ.